ತುಟಿಯಡಿಯ ಪರಿಮಳ

ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗಿಡುವವರನ್ನು ನೋಡುತ್ತ ಬೆಳೆದವರು ನಾವು. ಸ್ವೀಡನ್ನಿನಲ್ಲಿ ಅದೇ ಸೊಪ್ಪು ‘ಸ್ನೂಸ್’ ಎಂಬ ಒದ್ದೆ ಪುಡಿಯಾಗಿ ಮೇಲ್ದುಟಿಯಡಿ ಸೇರುತ್ತದೆ.

ಹಿಂದೆ ಅಲ್ಲಿನ ರೈತರು ತಾವೇ ತಂಬಾಕು ಬೆಳೆದು, ಮನೆಯಲ್ಲೇ ಬೀಸಿ, ಉಪ್ಪು-ನೀರು ಬೆರೆಸಿ ಸ್ನೂಸ್ ಮಾಡಿಕೊಳ್ಳುತ್ತಿದ್ದರು. 1822ರಲ್ಲಿ ಲ್ಯುಂಗ್‌ಲೋಫ್ ಎಂಬ ವ್ಯಾಪಾರಿಯ ‘ಎಟ್ಟನ್’ ಬಂತು. ಅದರಲ್ಲಿ ತಂಬಾಕಿನ ರುಚಿಯೇ ಮುಖ್ಯ. 1866ರ ‘ಜನರಲ್’ ಹೆಸರಾದದ್ದು ಬರ್ಗಮಾಟ್ ಘಮಕ್ಕೆ. ಅದು ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ, ನಮ್ಮ ನಿಂಬೆ-ಕಿತ್ತಳೆಯ ಬಳಗದ ಹಣ್ಣು. ಎಣ್ಣೆ ಸಿಗುವುದು ಸಿಪ್ಪೆಯಿಂದ.

ಮನೆಯಲ್ಲಿ ಸ್ನೂಸ್ ಮಾಡುವವರು ಇಂದಿಗೂ ಒಳ್ಳೆಯ ಬರ್ಗಮಾಟ್ ಎಣ್ಣೆ ಹುಡುಕುತ್ತಾರೆ. ಆದರೆ ನಿಕೋಟಿನ್ ಬೇಗ ರಕ್ತಕ್ಕಿಳಿಯುವಂತೆ ಮಾಡುವುದು ಅದರ ಜತೆ ಬೆರೆಸುವ ಸೋಡಾ. ನಮ್ಮಲ್ಲಿ ಸುಣ್ಣ ಮಾಡುವ ಕೆಲಸವೂ ಅದೇ. ಪರಿಮಳ ಎಷ್ಟೇ ಉತ್ತಮವಿರಲಿ, ಅದು ಬರೀ ಕರೆಯುತ್ತದೆ. ಕಟ್ಟಿಹಾಕುವುದು ಒಳಗಿನ ಸೊಪ್ಪೇ.