ಪೂರ್ವಜರ ಮನೆಬಾಳಿನ ಕುರುಹುಗಳು

ನಮ್ಮ ಇಗರ್ಜಿಗೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಗುರುಗಳ ಹಾಗೂ ದಾನಿಗಳ ಹೆಸರುಗಳನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವು ಶಿಲಾಫಲಕಗಳ ಮೇಲೆ ಉಳಿದಿವೆ. ಆದರೆ ಗದ್ದೆಯಲ್ಲಿ ದುಡಿದು, ಮಕ್ಕಳನ್ನು ಸಾಕಿ, ಸದ್ದಿಲ್ಲದೆ ಮಣ್ಣಾದ ನಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಎಲ್ಲಿ ಅರಸೋಣ? ಇಗರ್ಜಿಯ ಹಳೆಯ ಪುಸ್ತಕಗಳೂ ಮನೆಯ ಹಳೆಯ ಪೆಟ್ಟಿಗೆಗಳೂ ಇದಕ್ಕೆ ಉತ್ತರ ಕೊಡುತ್ತವೆ.

ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಚಾರಣಾ ಗುರುಗಳಿಗೆ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಗೆ ಮಾದರಿಯನ್ನು ಒದಗಿಸಿತು. ಕೆನರಾದಲ್ಲಿ ಈ ಪರಂಪರೆಗೆ 1784ರಲ್ಲಿ ಬಲವಾದ ಪೆಟ್ಟು ಬಿದ್ದಿತು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. 27 ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿ ಮತ್ತೆ ಇಗರ್ಜಿ ಕಟ್ಟಿದರು, ಮತ್ತೆ ಪುಸ್ತಕ ತೆರೆದರು. ನಮ್ಮಲ್ಲಿ ಅನೇಕ ಕುಟುಂಬಗಳ ಬರಹದ ಚರಿತ್ರೆ ಆರಂಭವಾಗುವುದು ಆ ಬಳಿಕವೇ.

ನಮ್ಮ ಧರ್ಮಕೇಂದ್ರದ ಪುಸ್ತಕಗಳು ನೂರು ವರ್ಷದವು. ಅದಕ್ಕೂ ಹಿಂದಿನವರನ್ನು ಮಾತೃ ಇಗರ್ಜಿಯಲ್ಲಿ ಹುಡುಕಬೇಕು. ಹುಡುಕುವವರು ಪುಟದ ಅಂಚನ್ನು ಗಮನಿಸತಕ್ಕದ್ದು. 1908ರಿಂದ ಜಾರಿಗೆ ಬಂದ ನಿಯಮದಂತೆ, ವಿವಾಹವಾದವರ ವಿವರವನ್ನು ಅವರ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿಯೂ ಬರೆಯಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಜಾಡನ್ನು ಆ ಒಂದು ಸಾಲು ತಿಳಿಸಬಲ್ಲದು. ಹಳೆಯ ದಾಖಲೆಗಳ ಭಾಷೆ ಲತೀನ್ ಅಥವಾ ಪೋರ್ಚುಗೀಸ್. ಮನೆಯಲ್ಲಿ ಜುವಾಂವ್ ಎನಿಸಿಕೊಂಡವನು ಅಲ್ಲಿ ಯೊವಾನ್ನೆಸ್. ಬಸ್ತ್ಯಾಂವ್ ಎಂಬಾತ ಸೆಬಾಸ್ತಿಯಾನುಸ್. ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನೂ ಕಡೆಗಣಿಸಲಾಗದು. ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದೂ, ಅಜ್ಜ ಅಜ್ಜಿಯರೇ ಜ್ಞಾನಪೋಷಕರಾಗಿ ನಿಲ್ಲುವುದೂ ನಮ್ಮಲ್ಲಿ ರೂಢಿಯಾಗಿದ್ದುದರಿಂದ, ಒಂದು ಮಗುವಿನ ದಾಖಲೆಯಲ್ಲಿ ಹಲವೊಮ್ಮೆ ಮೂರು ತಲೆಮಾರುಗಳು ಸಿಗುತ್ತವೆ.

ಮೂಲಗೇಣಿ ಪತ್ರಗಳೂ ವರ್ಗದ ಕಾಗದಗಳೂ ಮನೆತನ ಯಾವ ನೆಲದಲ್ಲಿ ಬಾಳಿತೆಂದು ಹೇಳುತ್ತವೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ ಅರ್ಜಿಗಳಲ್ಲಿಯೂ ಈ ಮಾಹಿತಿ ಅಡಗಿದೆ. ಆದರೆ ಇವು ಬಹುಮಟ್ಟಿಗೆ ಗಂಡಸರ ಹೆಸರಿನ ಕಾಗದಗಳು. ತಾಯಿಯ ಹೆಸರು ಇಗರ್ಜಿಯ ಪುಸ್ತಕದಲ್ಲಿದೆ. ಆಕೆಯ ಬಾಳಿನ ಗುರುತು ಪೆಟ್ಟಿಗೆಯಲ್ಲಿದೆ. ವರನ ಕಡೆಯವರು ಮದುಮಗಳಿಗೆ ಕೊಡುತ್ತಿದ್ದ ಕೆಂಪು ಸಾಡೊ, ಕರಿಮಣಿ, ಸವೆದ ಜಪಮಾಲೆ, ಹೆಸರಿನ ಅಕ್ಷರ ಕೊರೆದ ತಾಮ್ರದ ಪಾತ್ರೆ, ಕುಟುಂಬ ಸಂಜೆಯ ತೇರ್ಸಿಗೆ ಮೊಣಕಾಲೂರಿದ ಮರದ ಪುಟ್ಟ ಆಲ್ತಾರ್ – ಇವು ಯಾರದೆಂದು ಬಲ್ಲ ಹಿರಿಯರು ಇರುವವರೆಗೆ ಅವು ಚರಿತ್ರೆ. ಅವರು ತೀರಿದ ಮೇಲೆ ಬರಿಯ ಹಳೆಯ ವಸ್ತು. ಇಂತಹ ಮನೆಮಾತನ್ನು ಪುಸ್ತಕದ ತಾರೀಖಿನೊಡನೆ ಹೋಲಿಸಿ ನೋಡಿದಾಗ ಎರಡಕ್ಕೂ ಬೆಲೆ ಬರುತ್ತದೆ.

ವಂಶದ ಹಿರಿಮೆಯನ್ನು ಹುಡುಕಿ ಹೊರಟವರು ಮರಣದ ಪುಸ್ತಕದ ಮುಂದೆ ಮೌನವಾಗುತ್ತಾರೆ. ಸಿಡುಬು, ಕಾಲರಾಗಳು ಮನೆಮನೆಗೆ ನುಗ್ಗುತ್ತಿದ್ದ ಆ ಕಾಲದಲ್ಲಿ ಎಷ್ಟೋ ತಾಯಂದಿರು ತೊಟ್ಟಿಲ ಕೂಸುಗಳನ್ನು ಕಳೆದುಕೊಂಡರು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಕೆಲವೇ ದಿನಗಳ ಅಂತರದಲ್ಲಿ ಮರಣದ ಪುಸ್ತಕದಲ್ಲಿ ಅದೇ ಹೆಸರು. ಆ ಕೂಸಿಗೆ ಆಸ್ತಿಪತ್ರವಿಲ್ಲ, ಭಾವಚಿತ್ರವಿಲ್ಲ, ಗೋರಿಕಲ್ಲೂ ಇಲ್ಲ. ಅದು ಬಾಳಿತ್ತೆಂಬುದಕ್ಕೆ ಭೂಮಿಯ ಮೇಲೆ ಉಳಿದ ಸಾಕ್ಷಿ ಗುರುಗಳು ಬರೆದ ಆ ಎರಡು ಸಾಲು ಮಾತ್ರ. ಗೆದ್ದಲಿಗೂ ತೇವಕ್ಕೂ ಆ ಹಾಳೆ ತುತ್ತಾದರೆ ಆ ಕೂಸು ಎರಡನೆಯ ಬಾರಿ ಸತ್ತಂತೆ.

ಆದ್ದರಿಂದ ಪ್ರಿಯ ಧರ್ಮಕೇಂದ್ರದ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಇಗರ್ಜಿಯ ಹಳೆಯ ಪುಸ್ತಕಗಳ ರಕ್ಷಣೆಗೆ ನೆರವಾಗಿರಿ. ಹಳೆಯ ಪಾತ್ರೆಯನ್ನು ತೂಕಕ್ಕೆ ಮಾರುವ ಮುನ್ನ ಅದರ ಮೇಲಿನ ಅಕ್ಷರಗಳನ್ನು ಓದಿರಿ. ಭಾವಚಿತ್ರಗಳ ಹಿಂಬದಿಯಲ್ಲಿ ಹೆಸರುಗಳನ್ನು ಬರೆದಿಡಿರಿ. ಹಿರಿಯರಿಗೆ ನೆನಪಿರುವುದನ್ನು ಈಗಲೇ ಕೇಳಿ ಬರೆದುಕೊಳ್ಳಿರಿ. ನವೆಂಬರ್ 2ರ ಮೃತರ ಸ್ಮರಣೆಯಂದು ಸ್ಮಶಾನದಲ್ಲಿ ಮೇಣದ ಬತ್ತಿ ಹಚ್ಚುವಾಗ, ನಮ್ಮವರನ್ನು ಹೆಸರು ಹಿಡಿದು ಕರೆದು ಪ್ರಾರ್ಥಿಸಲು ನಮ್ಮ ಮಕ್ಕಳಿಗೆ ಸಾಧ್ಯವಾಗಲಿ.