ಚರಗಳನ್ನು ಘೋಷಿಸುವುದು ಎಲ್ಲಿ?

‘ಚರಗಳನ್ನೆಲ್ಲ ಮೇಲ್ಗಡೆಯೇ ಘೋಷಿಸಬೇಕು’ ಎಂದು ಸಿ ಭಾಷೆಯ ಮೊದಲ ಪಾಠದಲ್ಲಿ ನೀವು ಬರೆದುಕೊಂಡಿರಬಹುದು, ಅಧ್ಯಾಪಕರಾಗಿದ್ದರೆ ಬರೆಸಿರಲೂಬಹುದು. ಈ ನಿಯಮ ಬಂದದ್ದಾದರೂ ಎಲ್ಲಿಂದ?

1957ರ ಫೋರ್ಟ್ರಾನ್‌ನಲ್ಲಿ ಸರಳ ಚರಗಳಿಗೆ ಘೋಷಣೆಯೇ ಬೇಕಿರಲಿಲ್ಲ. ಹೆಸರಿನ ಮೊದಲಕ್ಷರ ‘ಐ’ನಿಂದ ‘ಎನ್’ವರೆಗಿನದಾದರೆ ಪೂರ್ಣಾಂಕ, ಇಲ್ಲವಾದರೆ ವಾಸ್ತವ ಸಂಖ್ಯೆ. ಈ ಸಡಿಲತೆಯನ್ನು ಆಲ್ಗಾಲ್ 60 ಒಪ್ಪಲಿಲ್ಲ. ಪ್ರತಿ ಚರಕ್ಕೂ ಘೋಷಣೆ ಬೇಕು, ಅದೂ ‘ಬಿಗಿನ್’ ಪದದ ಬೆನ್ನಿಗೇ ಎಂದಿತು. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದಾಗಲೂ ಇದೇ ಸಂಪ್ರದಾಯ ಮುಂದುವರಿಯಿತು. ಅವರ ಮೊದಲ ಪಿಡಿಪಿ-11 ಗಣಕದ ಸ್ಮೃತಿ ಕೇವಲ 24 ಕಿಲೋಬೈಟ್. ಚರಗಳಿಗೆ ಎಷ್ಟು ಜಾಗ ಬೇಕೆಂದು ಮೊದಲೇ ತಿಳಿದರೆ ಕಂಪೈಲರಿನ ಕೆಲಸ ಹಗುರ.

ಆದರೆ ಕರ್ನಿಹನ್ ಮತ್ತು ರಿಚಿ ಅವರ 1978ರ ಪುಸ್ತಕವಾಗಲಿ, 1989ರ ಅಮೆರಿಕನ್ ಮಾನಕವಾಗಲಿ ಫಲನದ ತಲೆಯಲ್ಲೇ ಎಂದು ಕಟ್ಟುಮಾಡಿರಲಿಲ್ಲ. ಯಾವುದೇ ಪುಷ್ಪಾವರಣ ತೆರೆದೊಡನೆ ಘೋಷಿಸಬಹುದಿತ್ತು. ನಮ್ಮ ನೋಟ್ಸುಗಳಲ್ಲಿ ಈ ಸೂಕ್ಷ್ಮ ಉದುರಿಹೋಗಿದೆ!

ಜಾಗ ಬದಲಾದರೆ ಏನಾಗುತ್ತದೆ? ಸರಳ ಲೋಲಕದ ಪ್ರಯೋಗವನ್ನೇ ನೋಡಿ. ಲೂಪಿನ ಪ್ರತಿ ಸುತ್ತಿನಲ್ಲೂ ಲೋಲಕದ ಉದ್ದ ಹಾಗೂ 20 ಆಂದೋಲನಗಳ ಕಾಲವನ್ನು ಓದಿ, ಆಂದೋಲನಾವಧಿ ‘ಟಿ’ಯನ್ನೂ ಅದರಿಂದ ಗುರುತ್ವ ವೇಗೋತ್ಕರ್ಷ ‘ಜಿ’ಯನ್ನೂ ಲೆಕ್ಕಹಾಕುತ್ತೀರಿ. ಟಿಯನ್ನು ಮೇಲೆಯೇ ಘೋಷಿಸಿದ್ದು, ಅದಕ್ಕೆ ಬೆಲೆ ಕೊಡುವ ಸಾಲು ಜಿಯ ಸೂತ್ರದ ಕೆಳಗೆ ಬಿದ್ದಿತೆನ್ನಿ. ಮೊದಲ ಸುತ್ತಿನಲ್ಲಿ ಟಿಯ ಬೆಲೆ ಅನಿರ್ದಿಷ್ಟ, ಏನೂ ಇರಬಹುದು. ಆಮೇಲಿನ ಸುತ್ತುಗಳಲ್ಲಿ ಹಿಂದಿನ ವಾಚನದ ಟಿ! ಉದ್ದಗಳು ಹತ್ತಿರಹತ್ತಿರವಿದ್ದರೆ ಉತ್ತರ 9.8ರ ಆಸುಪಾಸಿನಲ್ಲೇ ಬಂದು ತಪ್ಪು ಕಣ್ಣಿಗೇ ಬೀಳದು. ಟಿಯನ್ನು ಲೂಪಿನೊಳಗೆ, ಬೆಲೆ ಸಿಗುವ ಸಾಲಿನಲ್ಲೇ ಘೋಷಿಸಿದ್ದರೆ? ಅದಕ್ಕೂ ಮೇಲೆ ಆ ಹೆಸರೇ ಇಲ್ಲ. ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಇದರಿಂದ ವೇಗವೇನೂ ಕುಗ್ಗದು. ಕಂಪೈಲರುಗಳು ಸಾಮಾನ್ಯವಾಗಿ ಫಲನದ ಪ್ರವೇಶದಲ್ಲೇ ಒಟ್ಟು ಜಾಗವನ್ನು ಕಾದಿರಿಸುತ್ತವೆ.

ಘೋಷಣೆಯನ್ನು ಎಲ್ಲಿ ಬೇಕಾದರೂ ಇಡುವ ಸ್ವಾತಂತ್ರ್ಯವನ್ನು ಆಲ್ಗಾಲ್ 68ರಿಂದ ಸಿ ಪ್ಲಸ್ ಪ್ಲಸ್‌ಗೆ ತಂದವರು ಬ್ಯಾರ್ನೆ ಸ್ಟ್ರೌಸ್ಟ್ರಪ್. 1999ರ ಮಾನಕ ಅದನ್ನು ಸಿ ಭಾಷೆಗೂ ಕೊಟ್ಟಿತು. ಆದರೂ ಮೈಕ್ರೋಸಾಫ್ಟ್‌ನ ಸಿ ಕಂಪೈಲರ್ ಒಪ್ಪಿಕೊಂಡದ್ದು 2013ರಲ್ಲಿ. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಾಳಿದ ಟರ್ಬೋ ಸಿ ಹುಟ್ಟಿದ್ದು 1987ರಲ್ಲಿ. ಅದು ಒಪ್ಪುವ ಮಾತೇ ಇಲ್ಲ. ಹಾಗಾಗಿ ನಡುವೆ ಘೋಷಿಸಿದ ವಿದ್ಯಾರ್ಥಿಯ ಅಂಕ ಕಳೆಯುವ ಮುನ್ನ, ಅವನು ಯಾವ ಮಾನಕದಲ್ಲಿ ಬರೆದಿದ್ದಾನೆಂದು ನೋಡಿ.

ಸ್ವಿಚ್‌ನೊಳಗಿನ ‘ಕೇಸ್’ ಗುರುತಿನ ಬೆನ್ನಿಗೇ ಘೋಷಣೆ ಬರಕೂಡದೆಂಬ ಒಂದು ತಡೆ ಆಮೇಲೂ ಉಳಿದಿತ್ತು. 2024ರಲ್ಲಿ ಪ್ರಕಟವಾದ ಮಾನಕ ಅದನ್ನೂ ತೆಗೆದಿದೆ.