ಗೋಕಾಕ, ಮೂಡಲಗಿ, ಹುಕ್ಕೇರಿ: 1991ರ ನಂತರದ ಕಬ್ಬಿನ ಅರ್ಥವ್ಯವಸ್ಥೆ

ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸಾಲ, ಮದುವೆ, ಮಕ್ಕಳ ಓದು ಎಲ್ಲವೂ ಕಬ್ಬಿನ ಬಿಲ್ಲಿಗೆ ಕಾಯುತ್ತವೆ. ಧೂಪದಾಳದ ಒಡ್ಡು, ಹಿಡಕಲ್ ಜಲಾಶಯಗಳಿಂದ ನೀರು ಬಂತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಸೀಮೆಯ ಘಟಪ್ರಭಾ ಸಹಕಾರಿ ಕಾರ್ಖಾನೆಗಳು ಬೆಳೆಯನ್ನು ಕೊಂಡವು. ಮೂಡಲಗಿ ಆಗ ಗೋಕಾಕ ತಾಲ್ಲೂಕಿನಲ್ಲೇ ಇತ್ತು.

1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ ಭಾರತ ಚಿನ್ನ ಒತ್ತೆಯಿಟ್ಟಿತು. ಆಗ ಆರಂಭವಾದ ಉದಾರೀಕರಣ ಸಕ್ಕರೆಗೆ ತಲುಪಿದ್ದು ತಡವಾಗಿ: ಕಾರ್ಖಾನೆಗಳಿಗೆ ಲೈಸೆನ್ಸ್ ಬೇಕೆಂಬ ನಿಯಮ 1998ರಲ್ಲಿ ರದ್ದಾಯಿತು. ಖಾಸಗಿ ಕಾರ್ಖಾನೆಗಳು ಹೆಚ್ಚಿದವು, ಸಹಕಾರಿಗಳು ಸೊರಗಿದವು. ಸಡಿಲವಾದದ್ದು ಮಾತ್ರ ಅರ್ಧವೇ. ಕಬ್ಬಿನ ಕನಿಷ್ಠ ಬೆಲೆ ಇಂದಿಗೂ ದೆಹಲಿಯಲ್ಲೇ ನಿಗದಿಯಾಗುತ್ತದೆ. 2009ರಿಂದ ಅದಕ್ಕೆ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಎಂದು ಹೆಸರು. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ ಎಂದು ಆದೇಶವಿದೆ. ಬಾಕಿಯ ಗೋಳು ತಪ್ಪಿಲ್ಲ.

ರೈತನ ಬಲಹೀನತೆ ಬೆಳೆಯಲ್ಲೇ ಇದೆ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಬೆಲೆ ಬರಲಿ ಎಂದು ಕೂಡಿಡಲಾಗದು. ಇಳುವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಲೆಕ್ಕ, ಕಾಟಾದ ತೂಕ ಎರಡೂ ಕಾರ್ಖಾನೆಯ ಅಂಗಳದಲ್ಲೇ ಆಗುತ್ತವೆ. ಮಾಲೀಕರಲ್ಲಿ ಶಾಸಕರು, ಮಂತ್ರಿಗಳು ಇರುವುದರಿಂದ ದರ ಕೇಳಬೇಕಾದ ಬಾಗಿಲೂ ಮತ ಕೇಳಲು ಬರುವವರ ಬಾಗಿಲೂ ಹಲವು ಕಡೆ ಒಂದೇ. 2019ರಿಂದ 2025ರವರೆಗೂ ಸಕ್ಕರೆಯ ಕನಿಷ್ಠ ಮಾರಾಟ ದರ ಕೆ.ಜಿ.ಗೆ 31 ರೂಪಾಯಿಗೇ ನಿಂತಿತ್ತು ಎಂಬ ಕಾರ್ಖಾನೆಗಳ ದೂರನ್ನೂ ತಳ್ಳಿಹಾಕಲಾಗದು.

2013ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ವೇಳೆ ಕಬ್ಬಿನ ಬೆಲೆಗಾಗಿ ನಡೆದ ಹೋರಾಟದಲ್ಲಿ ರೈತರೊಬ್ಬರು ವಿಷ ಕುಡಿದು ಪ್ರಾಣಬಿಟ್ಟರು. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಮತ್ತೆ ಧರಣಿ ಶುರುವಾಯಿತು. ಕಟಾವು, ಸಾಗಣೆ ಬಿಟ್ಟು ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಕಲ್ಲು ತೂರಾಟವೂ ನಡೆಯಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಶೇ. 11.25 ಇಳುವರಿಯ ಕಬ್ಬಿಗೆ 3,300 ರೂಪಾಯಿ ಘೋಷಿಸಿದರು. ಅದರಲ್ಲಿ 50 ರೂಪಾಯಿಯನ್ನು ರಾಜ್ಯ ಸರ್ಕಾರವೇ ಭರಿಸಲು ಒಪ್ಪಿತು.